ಬೋಧಕ, ಪೊಲೀಸ್ ಮತ್ತು 1861ರ ಕಾಯ್ದೆ

ಬಾಯಿಮಾತಿನಿಂದ ಆಗುವ ಕೇಡಿನ ಮೇಲೆ ಕಾನೂನು ಎಲ್ಲಿಯವರೆಗೆ ಕೈ ಚಾಚಬಹುದು? ಈ ಪ್ರಶ್ನೆ ಬ್ರಿಟನ್ನಿನಲ್ಲಿ ಎಂಟೇ ದಿನಗಳಲ್ಲಿ ನಾಲ್ಕು ಸಲ ಎದ್ದು ನಿಂತದ್ದುಂಟು. 2006ರ ಜನವರಿ 31ರ ರಾತ್ರಿ, ಧಾರ್ಮಿಕ ದ್ವೇಷ ಕೆರಳಿಸುವುದನ್ನು ಅಪರಾಧವಾಗಿಸುವ ಮಸೂದೆಯನ್ನು ತನಗೆ ಬೇಕಾದ ರೂಪದಲ್ಲಿ ಪಾಸು ಮಾಡಿಸಿಕೊಳ್ಳಲಾಗದೆ ಟೋನಿ ಬ್ಲೇರ್ ಸರ್ಕಾರ ಕೆಳಮನೆಯಲ್ಲಿ 283–282ರಿಂದ, ಅಂದರೆ ಒಂದೇ ಮತದಿಂದ ಸೋತಿತು. ಆ ಕೊನೆಯ ಮತದಾನದ ಹೊತ್ತಿಗೆ ಪ್ರಧಾನಿಯೇ ಮನೆಗೆ ಹೋಗಿದ್ದರು. ಫೆಬ್ರವರಿ 2ರಂದು ಲೀಡ್ಸ್ ನಗರದಲ್ಲಿ, ಇಸ್ಲಾಂ ಧರ್ಮವನ್ನು ವೇದಿಕೆಯ ಮೇಲೆ ಹೀನಾಯವಾಗಿ ಜರೆದಿದ್ದ ಬ್ರಿಟಿಷ್ ನ್ಯಾಷನಲ್ ಪಾರ್ಟಿಯ ನಾಯಕ ನಿಕ್ ಗ್ರಿಫಿನ್ ಮೇಲಿನ ನಾಲ್ಕು ಆರೋಪಗಳಲ್ಲಿ ಎರಡನ್ನು ಜ್ಯೂರಿ ತಳ್ಳಿಹಾಕಿತು, ಉಳಿದೆರಡರಲ್ಲಿ ಒಮ್ಮತಕ್ಕೆ ಬರಲಿಲ್ಲ. ಮರುದಿನ ಲಂಡನ್ನಿನ ಡೆನ್ಮಾರ್ಕ್ ರಾಯಭಾರ ಕಚೇರಿಯ ಎದುರು, ಡೆನ್ಮಾರ್ಕಿನ ಪತ್ರಿಕೆಯಲ್ಲಿ ಬಂದ ಪ್ರವಾದಿಯ ವ್ಯಂಗ್ಯಚಿತ್ರಗಳ ವಿರುದ್ಧ ಸೇರಿದ ಗುಂಪು ತಲೆ ಕಡಿಯಿರಿ ಎಂಬ ಅರ್ಥದ ಫಲಕಗಳನ್ನು ಹಿಡಿದು ನಿಂತಿತು. ಫೆಬ್ರವರಿ 7ರಂದು ಓಲ್ಡ್ ಬೈಲಿ ನ್ಯಾಯಾಲಯದಲ್ಲಿ ಅಬು ಹಂಜಾ ಅಲ್ ಮಸ್ರಿ ಎಂಬ ಬೋಧಕ ಹದಿನೈದು ಆರೋಪಗಳಲ್ಲಿ ಹನ್ನೊಂದರಲ್ಲಿ ತಪ್ಪಿತಸ್ಥನೆಂದು ತೀರ್ಪು ಬಂತು.

ಸಂಸತ್ತಿನಲ್ಲಿ ಹೊಸ ಕಾಯ್ದೆ ಬೇಕೆಂದು ಗದ್ದಲ ನಡೆದಿತ್ತು. ಆದರೆ ಅಬು ಹಂಜಾನಿಗೆ ಶಿಕ್ಷೆಯಾದದ್ದು ಮುಖ್ಯವಾಗಿ ವಿಕ್ಟೋರಿಯಾ ರಾಣಿಯ ಕಾಲದ ಕಾಯ್ದೆಯಿಂದ. ಈ ಬರಹದ ಜೀವ ಇರುವುದು ಆ ಒಂದು ಸಂಗತಿಯಲ್ಲಿ.

ಆತ ಹುಟ್ಟಿದ್ದು 1958ರಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. ಇಂಗ್ಲೆಂಡಿಗೆ ಬಂದದ್ದು 1979ರಲ್ಲಿ. ನೈಟ್‌ಕ್ಲಬ್ಬಿನ ಬಾಗಿಲು ಕಾದ, ಸಿವಿಲ್ ಎಂಜಿನಿಯರಿಂಗ್ ಓದಿದ. ಎರಡೂ ಕೈ ಮತ್ತು ಒಂದು ಕಣ್ಣು ಕಳೆದುಕೊಂಡವನಾದ್ದರಿಂದ ಇಂಗ್ಲಿಷ್ ಪತ್ರಿಕೆಗಳಿಗೆ ಆತನ ಉಕ್ಕಿನ ಕೊಕ್ಕೆಯೇ ದೊಡ್ಡ ಸುದ್ದಿಯಾಯಿತು. ಆ ಚಿತ್ರ ಮುಖಪುಟದಲ್ಲಿ ಎಷ್ಟು ಸಲ ಬಂತೆಂದರೆ, ಆತ ಆಡುತ್ತಿದ್ದುದೇನು ಎಂಬುದರ ಕಡೆ ಓದುಗರ ಗಮನ ಹೋಗಲೇ ಇಲ್ಲ. 1997ರಲ್ಲಿ ಉತ್ತರ ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಮಸೀದಿ ಆತನ ಹಿಡಿತಕ್ಕೆ ಬಂತು. ಅಲ್ಜೀರಿಯಾ, ಬಾಂಗ್ಲಾದೇಶ, ಪಾಕಿಸ್ತಾನ ಮೂಲದ ದುಡಿಯುವ ಜನ ನಮಾಜಿಗೆ ಬರುತ್ತಿದ್ದ ಜಾಗ ಅದು. ಶೂನಲ್ಲಿ ಸ್ಫೋಟಕ ಅಡಗಿಸಿಕೊಂಡು ವಿಮಾನ ಹತ್ತಿದ ರಿಚರ್ಡ್ ರೀಡ್, 2001ರ ಸೆಪ್ಟೆಂಬರ್ 11ರ ಸಂಚಿನಲ್ಲಿ ಅಮೆರಿಕದಲ್ಲಿ ಶಿಕ್ಷೆಗೊಳಗಾದ ಜಕಾರಿಯಾಸ್ ಮುಸ್ಸಾವಿ, ಇಬ್ಬರೂ ಅಲ್ಲಿಗೆ ಬಂದು ಹೋಗಿದ್ದವರು.

ಆತನ ಪ್ರವಚನಗಳಲ್ಲಿ ಗುಟ್ಟೇನೂ ಇರಲಿಲ್ಲ. ಧ್ವನಿಮುದ್ರಣವಾಗುತ್ತಿದ್ದವು, ಕ್ಯಾಸೆಟ್ಟುಗಳು ಕೈಯಿಂದ ಕೈಗೆ ಹೋಗುತ್ತಿದ್ದವು. 2004ರಲ್ಲಿ ಆತನನ್ನು ಬಂಧಿಸಿದಾಗ ಸಿಕ್ಕಿದ್ದು ಸಾವಿರಾರು ಧ್ವನಿಸುರುಳಿ, ನೂರಾರು ವಿಡಿಯೊ. ಯಹೂದಿಗಳನ್ನೂ ಇತರ ಮುಸ್ಲಿಮೇತರರನ್ನೂ ಕೊಲ್ಲುವುದು ಧರ್ಮದ ಕರ್ತವ್ಯ ಎಂದು ನೇರವಾಗಿ ಹೇಳಿದ ಮಾತುಗಳು ಅವುಗಳಲ್ಲಿದ್ದವು. ಪ್ರಾಸಿಕ್ಯೂಷನ್ ಕೈಗೆತ್ತಿಕೊಂಡದ್ದು ಅಂಥ ಮಾತುಗಳನ್ನೇ. ಧರ್ಮವನ್ನು ಕಟುವಾಗಿ ವ್ಯಾಖ್ಯಾನಿಸಿದ, ಪಾಶ್ಚಾತ್ಯ ಬದುಕನ್ನು ಬೈದ, ಸರ್ಕಾರವನ್ನು ಹಳಿದ ಭಾಗಗಳು ಎಷ್ಟಿದ್ದರೂ ಅವುಗಳ ಗೊಡವೆಗೆ ಹೋಗಲಿಲ್ಲ. ಆತನ ವಕೀಲರು ಇದು ಧರ್ಮಗ್ರಂಥದಲ್ಲೇ ಇರುವುದು ಎಂದು ವಾದಿಸಿದರು. ಕೇಳುಗನನ್ನು ಕೊಲೆಗೆ ಹುರಿದುಂಬಿಸಿದ ಮೇಲೆ ಮಾತಿನ ಮೂಲ ಯಾವುದಾದರೇನು? ಜ್ಯೂರಿ ಆ ವಾದವನ್ನು ಒಪ್ಪಲಿಲ್ಲ. ಕೊಲೆಗೆ ಪ್ರೇರೇಪಿಸಿದ ಆರು ಆರೋಪಗಳು, ಜನಾಂಗೀಯ ದ್ವೇಷ ಕೆರಳಿಸಿದ ಮೂರು, ಅಂಥ ಧ್ವನಿಸುರುಳಿಗಳನ್ನು ಇಟ್ಟುಕೊಂಡ ಒಂದು, ಭಯೋತ್ಪಾದನೆಗೆ ಉಪಯೋಗವಾಗುವ ಕೈಪಿಡಿ ಇಟ್ಟುಕೊಂಡ ಒಂದು ಸಾಬೀತಾದವು. ಏಳು ವರ್ಷ ಜೈಲು.

ಕೊಲೆಗೆ ಪ್ರೇರೇಪಣೆ ಎಂಬ ಆ ಆರು ಆರೋಪಗಳು ಬಂದದ್ದು 1861ರ ದೈಹಿಕ ಹಿಂಸೆಯ ಅಪರಾಧಗಳ ಕಾಯ್ದೆಯ 4ನೇ ಸೆಕ್ಷನ್ನಿನಿಂದ. ಆ ಸೆಕ್ಷನ್ನಿಗೆ ದೊಡ್ಡ ಇತಿಹಾಸವಿದೆ. 1881ರಲ್ಲಿ ರಷ್ಯಾದ ಝಾರ್ ಎರಡನೇ ಅಲೆಕ್ಸಾಂಡರನ ಹತ್ಯೆಯಾದಾಗ, ಲಂಡನ್ನಿನಲ್ಲಿದ್ದ ಜರ್ಮನ್ ಅರಾಜಕತಾವಾದಿ ಯೋಹಾನ್ ಮೋಸ್ಟ್ ತನ್ನ ‘ಫ್ರೈಹೈಟ್’ ಪತ್ರಿಕೆಯಲ್ಲಿ ಸಂಭ್ರಮಪಟ್ಟು ಬರೆದ, ಇನ್ನೂ ಕೆಲವು ದೊರೆಗಳಿಗೆ ಇದೇ ಗತಿಯಾಗಲಿ ಎಂಬ ಧ್ವನಿಯಲ್ಲಿ. ನಾನು ಯಾರೊಬ್ಬನಿಗೂ ಹೇಳಿಲ್ಲ, ಪತ್ರಿಕೆಯಲ್ಲಿ ಬರೆದದ್ದು ಅಷ್ಟೆ ಎಂಬುದು ಆತನ ಪರವಾದ. ಕೇಳುಗ ಯಾರೆಂದು ಗೊತ್ತಿರಬೇಕಿಲ್ಲ, ಲೋಕಕ್ಕೆಲ್ಲ ಸಾರಿದರೂ ಅದು ಪ್ರೇರೇಪಣೆಯೇ ಎಂದು ನ್ಯಾಯಾಲಯ ಹೇಳಿತು; ಹದಿನಾರು ತಿಂಗಳ ಕಠಿಣ ಸಜೆಯಾಯಿತು. ಕ್ಯಾಸೆಟ್ಟಿಗೂ ಇಂದಿನ ವಿಡಿಯೊ ತುಣುಕಿಗೂ ಬೇಕಾದ ತತ್ವವನ್ನು ಇಂಗ್ಲಿಷ್ ಕಾನೂನು ನೂರಿಪ್ಪತ್ತು ವರ್ಷ ಮೊದಲೇ ಬರೆದಿಟ್ಟುಕೊಂಡಿತ್ತು. 2003ರಲ್ಲಿ ಅದೇ ಸೆಕ್ಷನ್ನಿನಡಿ ಜಮೈಕಾ ಮೂಲದ ಬೋಧಕ ಅಬ್ದುಲ್ಲಾ ಅಲ್ ಫೈಸಲ್ ಜೈಲು ಸೇರಿದ. 2005ರ ಜುಲೈ 7ರ ಲಂಡನ್ ಬಾಂಬರ್‌ಗಳಲ್ಲಿ ಒಬ್ಬ ಆತನ ಪ್ರವಚನಗಳನ್ನು ಕೇಳುತ್ತಿದ್ದವನು ಎಂಬುದು ಮುಂದೆ ಬೆಳಕಿಗೆ ಬಂತು.

ಹಾಗಾದರೆ ಅಬು ಹಂಜಾನನ್ನು ಅಷ್ಟು ವರ್ಷ ಯಾಕೆ ಬಿಟ್ಟರು? ಉತ್ತರ ಹುಡುಕಿಕೊಂಡು ಹೋದರೆ ಮನಸ್ಸು ಕಹಿಯಾಗುತ್ತದೆ. 1998ರ ಡಿಸೆಂಬರಿನಲ್ಲಿ ಯೆಮನ್‌ನಲ್ಲಿ ಹದಿನಾರು ಪಾಶ್ಚಾತ್ಯ ಪ್ರವಾಸಿಗರ ಅಪಹರಣವಾಗಿ ನಾಲ್ವರು ಸತ್ತರು. ಆ ಸಂಬಂಧ 1999ರಲ್ಲಿ ಪೊಲೀಸರು ಅಬು ಹಂಜಾನನ್ನು ಬಂಧಿಸಿದ್ದರು, ಮನೆಯನ್ನೂ ಶೋಧಿಸಿದ್ದರು. ಏಳು ವರ್ಷದ ನಂತರ ಯಾವ ಕೈಪಿಡಿ ಇಟ್ಟುಕೊಂಡದ್ದಕ್ಕೆ ಆತನಿಗೆ ಶಿಕ್ಷೆಯಾಯಿತೋ, ಆ ಹಲವು ಸಂಪುಟಗಳ ಕೈಪಿಡಿಯನ್ನು ಅಂದು ಪೊಲೀಸರೇ ಒಯ್ದು ವಾಪಸ್ ಕೊಟ್ಟಿದ್ದರೆಂದು ವಿಚಾರಣೆಯಲ್ಲಿ ಹೊರಬಂತು. ಬ್ರಿಟಿಷ್ ನೆಲದ ಮೇಲೆ ರಕ್ತ ಹರಿಯದಿದ್ದರೆ ಸಾಕು ಎಂಬ ಧೋರಣೆ ಅಧಿಕಾರಿಗಳಲ್ಲಿತ್ತು ಎಂದು ಆತ ಹೇಳಿಕೊಂಡ. ಆತನ ಮಾತನ್ನು ನಂಬಬೇಕಾಗಿಲ್ಲ. ಆದರೆ ದಾಖಲೆಗಳು ಕೈಗೆ ಬಂದು ಹಿಂದಕ್ಕೆ ಹೋದದ್ದು ಮಾತಲ್ಲ, ನಡೆದ ಸಂಗತಿ.

ಇನ್ನೊಂದು ಕಡೆ ನೋಡಿ. ಮಸೀದಿಯ ಟ್ರಸ್ಟಿಗಳು ಸುಮ್ಮನಿರಲಿಲ್ಲ. ಆತನನ್ನು ಕರೆತಂದ ಮರುವರ್ಷವೇ, 1998ರಲ್ಲಿ, ಹೈಕೋರ್ಟಿನ ಬಾಗಿಲು ತಟ್ಟಿದವರು ಅವರು. ಬೆದರಿಕೆ ಹಾಕಿಸಿಕೊಂಡವರು, ತಮ್ಮದೇ ಮಸೀದಿಯಿಂದ ಹೊರಹಾಕಿಸಿಕೊಂಡವರು ಅವರು. ಮುಸ್ಲಿಮರು ತಮ್ಮೊಳಗಿನ ಉಗ್ರರ ಬಗ್ಗೆ ಮಾತಾಡುವುದಿಲ್ಲ ಎಂದು ಸಲೀಸಾಗಿ ಹೇಳುವವರು ಆ ಟ್ರಸ್ಟಿಗಳು ಓಡಾಡಿದ ದಾರಿಯನ್ನು ನೋಡಬೇಕು. ಮೊದಲ ದೂರು ಬಂದದ್ದೇ ಒಳಗಿನಿಂದ. ಕೇಳಿಸಿಕೊಳ್ಳದಿದ್ದದ್ದು ಪ್ರಭುತ್ವ.

ಕೊನೆಗೆ ಆತನನ್ನು ಪೀಠದಿಂದ ಇಳಿಸಿದ್ದು ಭಯೋತ್ಪಾದನೆ ತಡೆ ಕಾಯ್ದೆಯಲ್ಲ, ದತ್ತಿ ಕಾನೂನು. ಬ್ರಿಟನ್ನಿನಲ್ಲಿ ಮಸೀದಿ, ಚರ್ಚು, ದೇವಸ್ಥಾನಗಳು ಬಹುಮಟ್ಟಿಗೆ ಚಾರಿಟಿ ಕಮಿಷನ್ನಿನ ಕಣ್ಗಾವಲಿಗೆ ಬರುತ್ತವೆ. ದತ್ತಿ ಸಂಸ್ಥೆಯ ವೇದಿಕೆಯನ್ನು ರಾಜಕೀಯಕ್ಕೆ ಬಳಸಿದನೆಂದು ಕಮಿಷನ್ 2002ರಲ್ಲಿ ಆತನನ್ನು ಅಮಾನತು ಮಾಡಿ, 2003ರ ಫೆಬ್ರವರಿಯಲ್ಲಿ ತೆಗೆದೇಹಾಕಿತು. ಅದಕ್ಕೆ ಎರಡು ವಾರ ಮೊದಲು ಪೊಲೀಸರು ರಾತ್ರೋರಾತ್ರಿ ಮಸೀದಿಯೊಳಗೆ ಹೊಕ್ಕು ಶೋಧಿಸಿದ್ದರು. ಬೂಟುಗಳಿಗೆ ಬಟ್ಟೆ ಸುತ್ತಿಕೊಂಡು ಹೋದರೆಂಬುದು ವರದಿಯಾಯಿತು. ಆತ ಬಿಡಲಿಲ್ಲ, ಹೊರಗಿನ ಬೀದಿಯಲ್ಲೇ ಶುಕ್ರವಾರದ ಪ್ರವಚನ ಮುಂದುವರಿಸಿದ. ಪೊಲೀಸರು ಸುತ್ತ ನಿಂತು ರಸ್ತೆ ಕಾದರು. 2005ರಲ್ಲಿ ಹೊಸ ಟ್ರಸ್ಟಿಗಳು ಬಂದರು, ಬೀಗ ಬದಲಾಯಿಸಿದರು, ಹೆಸರನ್ನೂ ಬದಲಾಯಿಸಿದರು. ಒಂದು ಸಾದಾ ಆಡಳಿತಾತ್ಮಕ ಆದೇಶ ಮತ್ತು ಅಲ್ಲಿ ನಮಾಜು ಮಾಡುವ ಜನರ ಗಟ್ಟಿತನ ಸೇರಿ ಆ ಜಾಗ ಮರಳಿ ಸಿಕ್ಕಿತು.

ಅಬು ಹಂಜಾನ ಮುಂದಿನ ಕಥೆ ಬೇಗ ಹೇಳಬಹುದು. ಅಮೆರಿಕ 2004ರಲ್ಲೇ ಆತನನ್ನು ಕೇಳಿತ್ತು. ಜೈಲು ಶಿಕ್ಷೆ, ಮೇಲ್ಮನವಿ, ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಎಲ್ಲ ಮುಗಿದು 2012ರ ಅಕ್ಟೋಬರಿನಲ್ಲಿ ಹಸ್ತಾಂತರವಾಯಿತು. ನ್ಯೂಯಾರ್ಕಿನಲ್ಲಿ 2014ರಲ್ಲಿ ಯೆಮನ್ ಅಪಹರಣ ಮತ್ತು ಒರೆಗಾನ್ ರಾಜ್ಯದಲ್ಲಿ ತರಬೇತಿ ಶಿಬಿರ ಕಟ್ಟುವ ಯತ್ನದ ಆರೋಪಗಳೂ ಸೇರಿ ಹನ್ನೊಂದು ಆರೋಪ ಸಾಬೀತಾಗಿ, ಮರುವರ್ಷ ಜೀವಾವಧಿ ಸಜೆಯಾಯಿತು.

ಆತನ ಪಕ್ಕದಲ್ಲಿಟ್ಟು ನೋಡಬೇಕಾದದ್ದು ಅಬು ಕತಾದಾನ ಪ್ರಕರಣ. ಜೋರ್ಡನ್ ಮೂಲದ ಈ ಬೋಧಕ 1993ರಲ್ಲಿ ಬ್ರಿಟನ್ನಿಗೆ ಬಂದ. ಅಬು ಹಂಜಾನಿಗಿಂತ ಓದಿಕೊಂಡವನು, ಮಾತಿನಲ್ಲಿ ಜಾಗರೂಕ, ಪ್ರಭಾವ ದೊಡ್ಡದು. ಸರ್ಕಾರ ಆತನನ್ನು ನ್ಯಾಯಾಲಯದ ಕಟಕಟೆಗೆ ತರುವ ಗೋಜಿಗೇ ಹೋಗಲಿಲ್ಲ. 2001ರ ದಾಳಿಯ ಬೆನ್ನಿಗೆ ಅವಸರದಲ್ಲಿ ಮಾಡಿದ ಕಾಯ್ದೆಯಡಿ, ವಿಚಾರಣೆಯೇ ಇಲ್ಲದೆ ವಿದೇಶಿ ಶಂಕಿತರನ್ನು ಅನಿರ್ದಿಷ್ಟ ಕಾಲ ಕೂಡಿಡುವ ಅಧಿಕಾರ ಬಳಸಿ 2002ರಲ್ಲಿ ಒಳಗೆ ಹಾಕಿತು. 2004ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠದ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಮಂದಿ ಆ ಅಧಿಕಾರ ಮಾನವ ಹಕ್ಕುಗಳಿಗೆ ವಿರುದ್ಧವೆಂದರು. ಆಮೇಲೆ ಮನೆಬಂಧನದಂಥ ನಿಯಂತ್ರಣಾ ಆದೇಶ, ಮತ್ತೆ ಜೈಲು, ಗಡೀಪಾರಿನ ಹೋರಾಟ. ಚಿತ್ರಹಿಂಸೆಯಿಂದ ಪಡೆದ ಸಾಕ್ಷ್ಯವನ್ನು ಜೋರ್ಡನ್ ಬಳಸುವ ಅಪಾಯವಿದೆ ಎಂದು 2012ರ ಜನವರಿಯಲ್ಲಿ ಯುರೋಪಿಯನ್ ನ್ಯಾಯಾಲಯ ಗಡೀಪಾರು ತಡೆಯಿತು. ಎರಡು ದೇಶಗಳು ಹೊಸ ಒಪ್ಪಂದ ಮಾಡಿಕೊಂಡ ಮೇಲೆ 2013ರ ಜುಲೈನಲ್ಲಿ ವಿಮಾನ ಹತ್ತಿಸಿದರು. 2014ರಲ್ಲಿ ಜೋರ್ಡನ್ನಿನ ನ್ಯಾಯಾಲಯ ಅಲ್ಲಿ ಆತನ ಮೇಲಿದ್ದ ಎರಡೂ ಭಯೋತ್ಪಾದನೆ ಪ್ರಕರಣಗಳಲ್ಲಿ ಆತನನ್ನು ಬಿಡುಗಡೆ ಮಾಡಿತು!

ಇಪ್ಪತ್ತು ವರ್ಷ ಬ್ರಿಟನ್ನಿನಲ್ಲಿದ್ದವನ ಮಾತು ಅಪರಾಧವೇ ಅಲ್ಲವೇ ಎಂಬುದನ್ನು ಬ್ರಿಟಿಷ್ ಜ್ಯೂರಿಯೊಂದರ ಮುಂದೆ ಒಮ್ಮೆಯೂ ಇಡಲಿಲ್ಲ. ಅಡ್ಡದಾರಿ ಹತ್ತಿರದ್ದು ಎಂದು ಹಿಡಿದ ಸರ್ಕಾರ ಹನ್ನೊಂದು ವರ್ಷ ಸುತ್ತಿತು. ಆ ಅವಧಿಯಲ್ಲಿ ಆತ ಬೆಂಬಲಿಗರ ಕಣ್ಣಿಗೆ ಅನ್ಯಾಯಕ್ಕೊಳಗಾದ ಗುರುವಾಗಿ ಬೆಳೆದ. ಅಬು ಹಂಜಾನಿಗೆ ಆ ಭಾಗ್ಯ ಸಿಗಲಿಲ್ಲ. ಆತನ ಧ್ವನಿಸುರುಳಿಗಳನ್ನು ತೆರೆದ ನ್ಯಾಯಾಲಯದಲ್ಲಿ ಹಾಕಿ ಕೇಳಿಸಿದರು, ಹನ್ನೆರಡು ಸಾಮಾನ್ಯ ಜನ ಕೂತು ಕೇಳಿದರು, ಕೆಲವು ಆರೋಪಗಳಿಂದ ಬಿಟ್ಟೂಬಿಟ್ಟರು. ನಾಲ್ಕರಲ್ಲಿ ಬಿಟ್ಟದ್ದರಿಂದಲೇ ಹನ್ನೊಂದರ ತೀರ್ಪಿಗೆ ತೂಕ ಬಂತು ಎಂದು ನನಗನ್ನಿಸುತ್ತದೆ.

ಮೂರನೆಯವನು ಅಂಜೆಮ್ ಚೌಧರಿ. ಈತ ವಕೀಲನಾಗಿದ್ದವನು. ಗೆರೆ ಎಲ್ಲಿದೆಯೆಂದು ಗೊತ್ತಿದ್ದು ಅದರ ಅಂಚಿನಲ್ಲೇ ನಡೆದವನು. ಈತನ ಅಲ್ ಮುಹಾಜಿರೂನ್ ಸಂಘಟನೆಯ ಶಾಖೆಗಳನ್ನು ಸರ್ಕಾರ 2006ರಲ್ಲಿ ಕೆಲವು, 2010ರಲ್ಲಿ ಇನ್ನು ಕೆಲವು ಎಂದು ನಿಷೇಧಿಸುತ್ತ ಹೋದಂತೆ ಹೊಸ ಹೆಸರು ಹುಟ್ಟುತ್ತಿತ್ತು. 2013ರಲ್ಲಿ ಲಂಡನ್ನಿನ ಬೀದಿಯಲ್ಲಿ ಸೈನಿಕ ಲೀ ರಿಗ್ಬಿಯನ್ನು ಕೊಂದವರೂ, 2017ರ ಲಂಡನ್ ಬ್ರಿಡ್ಜ್ ದಾಳಿಯ ಮುಂದಾಳೂ ಆ ಬಳಗದ ಸುತ್ತ ಓಡಾಡಿದವರು. ಹೀಗಿದ್ದೂ ಚೌಧರಿಯ ಯಾವ ಭಾಷಣವನ್ನೂ ಕೊಲೆಯ ಪ್ರೇರೇಪಣೆ ಎಂದು ಸಾಬೀತು ಮಾಡುವಂತಿರಲಿಲ್ಲ. ಐಸಿಸ್‌ಗೆ ನಿಷ್ಠೆ ಘೋಷಿಸಿದ ಹೇಳಿಕೆಯಲ್ಲಿ ಹೆಸರು ಕಾಣಿಸಿಕೊಂಡಾಗ, ನಿಷೇಧಿತ ಸಂಘಟನೆಗೆ ಬೆಂಬಲ ಕೋರಿದ ಅಪರಾಧಕ್ಕೆ 2016ರಲ್ಲಿ ಐದೂವರೆ ವರ್ಷ ಶಿಕ್ಷೆಯಾಯಿತು. ಬಿಡುಗಡೆಯಾಗಿ ಬಂದವನು ಅಂತರ್ಜಾಲದ ಮೂಲಕ ಸಂಘಟನೆ ನಡೆಸಿದ. ಶಿಷ್ಯರ ವೇಷದಲ್ಲಿ ಸೇರಿಕೊಂಡಿದ್ದ ಅಮೆರಿಕದ ಗುಪ್ತ ಪೊಲೀಸರು ಎಲ್ಲವನ್ನೂ ದಾಖಲಿಸಿಕೊಂಡಿದ್ದರು. 2024ರ ಜುಲೈನಲ್ಲಿ ಭಯೋತ್ಪಾದಕ ಸಂಘಟನೆಯನ್ನು ನಿರ್ದೇಶಿಸಿದ್ದಕ್ಕೆ ಜೀವಾವಧಿ, ಕನಿಷ್ಠ 28 ವರ್ಷ. ಎರಡನೆಯ ಸಲ ಆತನನ್ನು ಹಿಡಿದದ್ದು ಭಾಷಣವಲ್ಲ, ಸಂಘಟನೆ ನಡೆಸಿದ ಕೆಲಸ.

2005ರ ಜುಲೈ 7ರಂದು 52 ಜನರ ಸಾವಿನ ನಂತರ ಬಂದ 2006ರ ಭಯೋತ್ಪಾದನೆ ಕಾಯ್ದೆಯ ಬಗ್ಗೆ ನನಗೆ ಆತಂಕವಿದೆ. ಭಯೋತ್ಪಾದನೆಗೆ ಪ್ರೋತ್ಸಾಹ ಎಂಬ ಅಪರಾಧದೊಳಗೆ ಅದು ವೈಭವೀಕರಣವನ್ನೂ ಸೇರಿಸಿತು. ಹಿಂದೆ ನಡೆದ ಕೃತ್ಯವನ್ನು ಹೊಗಳಿ, ಇಂದು ಅದನ್ನು ಅನುಸರಿಸಬೇಕೆಂದು ಕೇಳುಗರು ಭಾವಿಸುವಂತೆ ಮಾಡಿದರೆ ಸಾಕು. ಉದ್ದೇಶವಿರಲೇಬೇಕೆಂದಿಲ್ಲ, ಪರಿಣಾಮದ ಬಗ್ಗೆ ಲಕ್ಷ್ಯವಿಲ್ಲದೆ ಮಾತಾಡಿದರೂ ಆಗುತ್ತದೆ. ಭಾರತೀಯರಾದ ನಮಗೆ ಇದರ ಮೊನೆ ಚೆನ್ನಾಗಿ ತಿಳಿಯಬೇಕು. 1909ರ ಜುಲೈ 1ರಂದು ಲಂಡನ್ನಿನಲ್ಲಿ ಮದನಲಾಲ್ ಧಿಂಗ್ರಾ ಬ್ರಿಟಿಷ್ ಅಧಿಕಾರಿ ಕರ್ಜನ್ ವೈಲಿಯನ್ನು ಗುಂಡಿಕ್ಕಿ ಕೊಂದರು. ಇಂಥ ಹತ್ಯೆಯನ್ನು ಸಮರ್ಥಿಸಿದ, ಶ್ಯಾಮಜಿ ಕೃಷ್ಣವರ್ಮರ ‘ಇಂಡಿಯನ್ ಸೋಶಿಯಾಲಜಿಸ್ಟ್’ ಪತ್ರಿಕೆಯನ್ನು ಮುದ್ರಿಸಿದ್ದಕ್ಕೆ ಆರ್ಥರ್ ಹಾರ್ಸ್‌ಲಿ ಎಂಬ ಮುದ್ರಕನಿಗೆ ನಾಲ್ಕು ತಿಂಗಳು ಸಜೆಯಾಯಿತು. ಆಮೇಲೆ ಮುದ್ರಣಕ್ಕೆ ಮುಂದೆ ಬಂದ ಗೈ ಆಲ್‌ಡ್ರೆಡ್ ಎಂಬ ಇಂಗ್ಲಿಷ್ ಯುವಕ ಒಂದು ವರ್ಷ ಜೈಲು ಅನುಭವಿಸಿದ. ಧಿಂಗ್ರಾ ಇಂದು ನಮ್ಮ ದೇಶದ ಅಂಚೆಚೀಟಿಯ ಮೇಲಿದ್ದಾರೆ. ಹೊಗಳಿಕೆಯನ್ನು ಅಪರಾಧ ಮಾಡಿದರೆ ಯಾರ ಹೊಗಳಿಕೆ, ಯಾವ ಕಾಲದ ಹೊಗಳಿಕೆ ಎಂಬುದನ್ನು ಆಳುವವರು ತೀರ್ಮಾನಿಸುತ್ತಾರೆ. ಕೊಲ್ಲು ಎಂದು ಹೇಳಿದ್ದು ಹಾಗಲ್ಲ. ಅದನ್ನು ಯಾವ ಸರ್ಕಾರ ಬಂದರೂ ಒಂದೇ ಅಳತೆಯಲ್ಲಿ ಅಳೆಯಬಹುದು.

ಒಂದೇ ಅಳತೆ ಎಂದಾಗ ಗ್ರಿಫಿನ್ ಪ್ರಕರಣಕ್ಕೆ ಬರಬೇಕು. ಬ್ರಿಟನ್ನಿನ ಹಳೆಯ ಕಾನೂನು ಜನಾಂಗೀಯ ದ್ವೇಷವನ್ನು ಮಾತ್ರ ಗುರುತಿಸುತ್ತಿತ್ತು. ಪೇಟ ಧರಿಸಿದ ಸಿಖ್ ಹುಡುಗನಿಗೆ ಶಾಲೆ ಪ್ರವೇಶ ನಿರಾಕರಿಸಿದ ಪ್ರಕರಣದಲ್ಲಿ 1983ರಲ್ಲೇ ಸಿಖ್ಖರನ್ನು ಜನಾಂಗವೆಂದು ಒಪ್ಪಲಾಗಿತ್ತು. ಯಹೂದಿಗಳಿಗೂ ಆ ರಕ್ಷಣೆಯಿತ್ತು. ಮುಸ್ಲಿಮರು ಹಲವು ಜನಾಂಗದವರಾದ್ದರಿಂದ ಅವರಿಗಿರಲಿಲ್ಲ. ಮರುವಿಚಾರಣೆಯಲ್ಲಿಯೂ ಗ್ರಿಫಿನ್ 2006ರ ನವೆಂಬರಿನಲ್ಲಿ ಬಿಡುಗಡೆಯಾದ. ಯಹೂದಿಗಳನ್ನು ನಿಂದಿಸಿದ ಮುಸ್ಲಿಂ ಬೋಧಕ ಜೈಲಿಗೆ, ಮುಸ್ಲಿಮರ ಧರ್ಮವನ್ನು ನಿಂದಿಸಿದ ನಾಯಕ ಮನೆಗೆ ಎಂದು ಉತ್ತರ ಇಂಗ್ಲೆಂಡಿನ ಮುಸ್ಲಿಂ ತರುಣ ಲೆಕ್ಕ ಹಾಕಿದರೆ ಆತನಿಗೆ ಏನು ಹೇಳುವುದು? ಗ್ರಿಫಿನ್ ಯಾರನ್ನೂ ಕೊಲ್ಲಲು ಹೇಳಿರಲಿಲ್ಲ ಎಂಬ ವ್ಯತ್ಯಾಸ ದೊಡ್ಡದು, ನಿಜ. ಆದರೂ ಆ ಬಿರುಕನ್ನು ಮುಚ್ಚಬೇಕಾಗಿತ್ತು.

ಮುಚ್ಚಿದ ರೀತಿ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ. ಸರ್ಕಾರ ತಂದ ಕರಡು ಅವಮಾನಿಸುವ ಮಾತನ್ನೂ ಸೇರಿಸಿತ್ತು. ಮಿಸ್ಟರ್ ಬೀನ್ ಪಾತ್ರದಿಂದ ನಮ್ಮ ಮಕ್ಕಳಿಗೂ ಗೊತ್ತಿರುವ ನಟ ರೋವನ್ ಅಟ್ಕಿನ್ಸನ್ ಅದರ ವಿರುದ್ಧ ನಿಂತರು. ಮೇಲ್ಮನೆ ತಿದ್ದಿತು: ಮಾತು ಬೆದರಿಸುವಂತಿರಬೇಕು, ದ್ವೇಷ ಕೆರಳಿಸುವ ಉದ್ದೇಶ ಸಾಬೀತಾಗಬೇಕು, ಟೀಕೆ, ಗೇಲಿ, ನಿಂದೆ ಯಾವುದೂ ಅಪರಾಧವಲ್ಲ. ಒಂದು ಮತದಿಂದ ಉಳಿದದ್ದು ಈ ತಿದ್ದುಪಡಿ.

ನಮ್ಮ ಕಾನೂನು ಇದಕ್ಕೆ ಹತ್ತಿರದ ನೆಂಟ. ಗುಂಪುಗಳ ನಡುವೆ ದ್ವೇಷ ಬೆಳೆಸುವುದರ ವಿರುದ್ಧದ 153ಎ ಸೆಕ್ಷನ್ 1898ರಲ್ಲಿ, ಧಾರ್ಮಿಕ ಭಾವನೆ ಕೆರಳಿಸುವುದರ ವಿರುದ್ಧದ 295ಎ 1927ರಲ್ಲಿ ಬ್ರಿಟಿಷರೇ ನಮ್ಮ ದಂಡ ಸಂಹಿತೆಗೆ ಸೇರಿಸಿದ್ದು; ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು 196 ಮತ್ತು 299 ಆಗಿವೆ. ದೂರಿಗಾಗಿ ಕಾಯದೆ ದ್ವೇಷಭಾಷಣದ ಮೇಲೆ ತಾವಾಗಿ ಪ್ರಕರಣ ದಾಖಲಿಸಬೇಕೆಂದು 2022ರಲ್ಲಿ ದೆಹಲಿ, ಉತ್ತರ ಪ್ರದೇಶ, ಉತ್ತರಾಖಂಡದ ಪೊಲೀಸರಿಗೆ ಹೇಳಿದ್ದ ಸುಪ್ರೀಂ ಕೋರ್ಟ್, 2023ರ ಏಪ್ರಿಲ್‌ನಲ್ಲಿ ಅದನ್ನು ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. ಆ ಪೀಠದಲ್ಲಿ ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಅವರ ಜೊತೆ ನಮ್ಮ ಬಿ.ವಿ. ನಾಗರತ್ನ ಅವರಿದ್ದರು. ಆಡಿದವನ ಧರ್ಮ ನೋಡಬಾರದೆಂದು ಪೀಠ ಸ್ಪಷ್ಟವಾಗಿ ಹೇಳಿತು. ಆದರೆ ಎಫ್‌ಐಆರ್ ದಾಖಲಾದ ಮೇಲೆ ಕಡತ ನಿಲ್ಲುವುದು ಇನ್ನೊಂದು ಬಾಗಿಲಲ್ಲಿ. ಈ ಸೆಕ್ಷನ್‌ಗಳಡಿ ನ್ಯಾಯಾಲಯ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಬ್ರಿಟನ್ನಿನಲ್ಲೂ ದ್ವೇಷ ಕೆರಳಿಸಿದ ಪ್ರಕರಣಕ್ಕೆ ಅಟಾರ್ನಿ ಜನರಲ್ ಒಪ್ಪಿಗೆ ಬೇಕು. ಅನುಮತಿ ಕೊಡುವ ಕೈ ಮತ್ತು ಭಾಷಣಕಾರನ ಹೆಗಲ ಮೇಲಿರುವ ಕೈ ಒಂದೇ ಆಗಿದ್ದರೆ ಆ ಕಡತ ಎಲ್ಲಿಗೂ ಹೋಗುವುದಿಲ್ಲ.

ಹೀಗಿರುವಾಗ ನಮ್ಮಲ್ಲಿಯೂ ಒಂದು 1861 ಇದೆ ಎಂಬುದನ್ನು ನೆನೆಯಬೇಕು. 1860ರ ದಂಡ ಸಂಹಿತೆಯ 117ನೇ ಸೆಕ್ಷನ್, ಸಾರ್ವಜನಿಕರನ್ನೋ ಹತ್ತಕ್ಕಿಂತ ಹೆಚ್ಚು ಜನರ ಗುಂಪನ್ನೋ ಅಪರಾಧಕ್ಕೆ ಪ್ರಚೋದಿಸುವುದರ ಬಗ್ಗೆ ಹೇಳುತ್ತಿತ್ತು. ಅದಕ್ಕೆ ಮೆಕಾಲೆಯ ಕಾಲದವರು ಕೊಟ್ಟ ಉದಾಹರಣೆ, ಮೆರವಣಿಗೆ ಹೊರಟ ಎದುರು ಪಂಥದವರ ಮೇಲೆ ಬೀಳಲು ಇಂಥ ಹೊತ್ತಿಗೆ ಇಂಥಲ್ಲಿ ಸೇರಿ ಎಂದು ಒಂದು ಪಂಥದವರಿಗೆ ಬೀದಿಯಲ್ಲಿ ಫಲಕ ಅಂಟಿಸಿದವನದು. ಬೀದಿಯ ಫಲಕ ಹೋಗಿ ಮೊಬೈಲಿನ ಗ್ರೂಪು ಬಂದಿದೆ, ಉಳಿದದ್ದೆಲ್ಲ ನಮ್ಮ ಇಂದಿನ ಊರುಗಳಿಗೂ ಹೊಂದುತ್ತದೆ. ಪೂರ್ವಾನುಮತಿ ಬೇಕಾದ ಅಪರಾಧಗಳ ಪಟ್ಟಿಯಲ್ಲಿ ಈ ಸೆಕ್ಷನ್ ಇಲ್ಲ. ಹೊಸ ಸಂಹಿತೆಯಲ್ಲಿ ಇದು 57ನೇ ಸೆಕ್ಷನ್, ಶಿಕ್ಷೆ ಮೂರು ವರ್ಷದಿಂದ ಏಳಕ್ಕೆ ಏರಿದೆ. ಮೆರವಣಿಗೆಯ ದಿನ ವೇದಿಕೆಯ ಮೇಲಿಂದ ಕಡಿಯಿರಿ ಎಂಬ ಮಾತು ಬಂದರೆ, ಠಾಣೆಯ ಅಧಿಕಾರಿ ಎಫ್‌ಐಆರ್‌ನಲ್ಲಿ 196ರ ಜೊತೆಗೆ 57ನ್ನೂ ಬರೆಯಲು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.